ಧ್ಯಾನ ದೊಡ್ಡದೋ ಪಾರಾಯಣ ದೊಡ್ಡದೋ, ಜಗಳ ಸಾಕು

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಧ್ಯಾನದವರಿಗೂ ಗೀತಾ ಪಾರಾಯಣದವರಿಗೂ ನಡೆದ ವಾದ ಸ್ವಲ್ಪ ಜಾಸ್ತಿಯೇ ಆಯ್ತು. ಅಲ್ಲ, ಗೀತೆಯ 6ನೇ ಅಧ್ಯಾಯವೇ ಧ್ಯಾನದ್ದು ಅಲ್ವಾ? ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದ ಹಾಗೆ ಅಂತ ಅರ್ಜುನನೇ ಅಲ್ಲಿ ಕೈಚೆಲ್ಲುತ್ತಾನೆ, ಕೃಷ್ಣನೂ ಹೌದಪ್ಪ ಕಷ್ಟವೇ ಅಂತ ಒಪ್ಪಿಕೊಂಡು, ಅಭ್ಯಾಸ ಮತ್ತು ವೈರಾಗ್ಯದಿಂದ ಆಗುತ್ತದೆ ಅನ್ನುತ್ತಾನೆ. 12ನೇ ಅಧ್ಯಾಯದಲ್ಲಂತೂ ಇದಾಗದಿದ್ದರೆ ಅದು ಮಾಡು, ಅದೂ ಆಗದಿದ್ದರೆ ಇನ್ನೊಂದು ಅಂತ ದಾರಿ ಸಲೀಸು ಮಾಡುತ್ತಾ ಹೋಗುತ್ತಾನೆ. (ನನಗೆ ಹತ್ತು ನಿಮಿಷ ಕೂತರೆ ಕಾಲು ಜೋಮು ಹಿಡಿಯುತ್ತದೆ, ಹಾಗಾಗಿ ನಾನು ಓದುವವರ ಪಕ್ಷ.)

ಭಾನುವಾರ ಬೆಳಿಗ್ಗೆ 7ಕ್ಕೆ 6ನೇ ಅಧ್ಯಾಯದ 47 ಶ್ಲೋಕ ಓದಿ, ಆಮೇಲೆ 20 ನಿಮಿಷ ಸುಮ್ನೆ ಕೂರೋಣ. ಬರುವವರು ಶನಿವಾರದೊಳಗೆ ಹೇಳಿ, ಉಪ್ಪಿಟ್ಟಿನ ಲೆಕ್ಕಕ್ಕೆ.