ಹಳೇ ರೀಲು ಗುಜರಿಗೆ ಬೇಡ

ಮಾನ್ಯ ಸಂಪಾದಕರೇ,

ನಾನು ಹಾವೇರಿಯಲ್ಲಿ ಫೋಟೊ ಸ್ಟುಡಿಯೊ ನಡೆಸಿದವನು. ಕೊಡಕ್ ರೋಲನ್ನೇ ನಂಬಿ ಸಂಸಾರ ತೂಗಿಸಿದೆ. ಈ ಬೇಸಿಗೆಯಲ್ಲಿ ಮಗಳ ಮನೆಗೆಂದು ಅಮೆರಿಕಕ್ಕೆ ಬಂದಾಗ, ಆ ಕಂಪನಿ ಕಟ್ಟಿದ ಜಾರ್ಜ್ ಈಸ್ಟ್‌ಮನ್ ಅವರ ಬಂಗಲೆಯನ್ನು ರಾಚೆಸ್ಟರ್‌ನಲ್ಲಿ ನೋಡಿದೆ. 1949ರಿಂದ ಅದು ಫೋಟೊ, ಸಿನಿಮಾ ಮ್ಯೂಸಿಯಂ. ಗಿಡಗಳ ಹಜಾರ ಸಾಲದೆಂದು ಪುಣ್ಯಾತ್ಮ 1919ರಲ್ಲಿ ಮನೆಯನ್ನೇ ಎರಡು ಹೋಳು ಮಾಡಿ, ಒಂದು ಭಾಗವನ್ನು ಒಂಬತ್ತಡಿಗೂ ಜಾಸ್ತಿ ಹಿಂದಕ್ಕೆ ಸರಿಸಿದರಂತೆ! ದುಡ್ಡಿದ್ದವರ ಹಠ, ಅಲ್ವಾ?

ನನಗೆ ಹಿಡಿಸಿದ್ದು ಅವರು ಫಿಲ್ಮ್ ಕಾಪಾಡುವ ರೀತಿ. ಹಿಂದಿನ ಕಾಲದ ನೈಟ್ರೇಟ್ ಫಿಲ್ಮ್ ಹೊತ್ತಿಕೊಂಡರೆ ನೀರೊಳಗೂ ಉರಿಯುತ್ತದೆ. ಅದಕ್ಕೇ ಊರ ಹೊರಗೆ ಬೇರೆ ತಣ್ಣನೆಯ ಕೋಣೆಗಳಿವೆ. ಈ ಕೆಲಸ ಕಲಿಸಲು 1996ರಿಂದ ಒಂದು ಶಾಲೆಯೂ ಇದೆ.

ನಮ್ಮಲ್ಲಿ? ಕನ್ನಡದ ಮೊದಲ ಟಾಕಿ, 1934ರ 'ಸತಿ ಸುಲೋಚನ'ದ ಒಂದು ಪ್ರಿಂಟೂ ಉಳಿದಿಲ್ಲ. ಎಷ್ಟೋ ರೀಲುಗಳು ಫಿಲ್ಮಿನಲ್ಲಿರುವ ಬೆಳ್ಳಿ ತೆಗೆಯುವವರ ಪಾಲಾದವು. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ, ನಿಜ. ಎಲ್ಲಕ್ಕೂ ಪುಣೆಯತ್ತ ಕೈ ತೋರಿಸಿ ಸುಮ್ನೆ ಕೂತರೆ ಹೇಗೆ? ಬೆಂಗಳೂರಲ್ಲೋ ಮೈಸೂರಲ್ಲೋ ಫಿಲ್ಮಿಗೆಂದೇ ಒಂದು ಕೋಲ್ಡ್ ಸ್ಟೋರೇಜನ್ನು ಸರ್ಕಾರ ಕಟ್ಟಲಿ.

ಟೂರಿಂಗ್ ಟಾಕೀಸ್ ನಡೆಸಿದವರ ಅಟ್ಟದಲ್ಲಿ ಡಬ್ಬಿಗಳಿದ್ದರೆ ಮುಚ್ಚಳ ತೆಗೆದು ಮೂಸಿ ನೋಡಿ. ವಿನೆಗರಿನ ಹುಳಿ ವಾಸನೆ ಬಂದರೆ ರೀಲು ಕೆಡಲು ಶುರುವಾಗಿದೆ ಎಂದೇ ಅರ್ಥ. ಅದನ್ನು ಬೇರೆ ಡಬ್ಬಿಗಳಿಂದ ದೂರ ಇಡಿ. ಸದ್ಯಕ್ಕೆ ಪುಣೆಗಾದರೂ ಒಂದು ಪತ್ರ ಬರೆಯಿರಿ, ಗುಜರಿಯವನಿಗೆ ಮಾತ್ರ ಕೊಡಬೇಡಿ.

– ಹಳೆಯ ಸ್ಟುಡಿಯೊ ಫೋಟೊಗ್ರಾಫರ್, ಹಾವೇರಿ