ಮಗಳಿಗೊಂದು ಪತ್ರ: ಕುದುರೆಯ ಬಾಲಕ್ಕೂ ಬೆಲೆ ಕೊಟ್ಟ ದೊರೆ

ಪ್ರೀತಿಯ ಮಗಳೇ,

ಪರೀಕ್ಷೆ ಮುಗಿದ ಮೇಲೆ ಸುಮ್ನೆ ಓದೋಕೆ ಒಂದು ಇತಿಹಾಸದ ಪುಸ್ತಕ ಹೇಳಮ್ಮ ಅಂದಿದ್ದೆಯಲ್ಲ, ವಿಜಯನಗರದ ಬಗ್ಗೆ ರಾಬರ್ಟ್ ಸೀವೆಲ್ ಬರೆದ 'ಎ ಫಾರ್ಗಾಟನ್ ಎಂಪೈರ್' ಕಳಿಸುತ್ತಿದ್ದೇನೆ. 1900ರಲ್ಲಿ ಬಂದ ಪುಸ್ತಕ. ಹಳೆಯದು ಅಂತ ಪಕ್ಕಕ್ಕಿಡಬೇಡ. ಮೊದಲ ಪುಟದಿಂದಲೇ ಶುರು ಮಾಡಬೇಕು ಅಂತಲೂ ಇಲ್ಲ. ಸೀದಾ ಕೊನೆಯ ಭಾಗಕ್ಕೆ ಹೋಗು. ಡೊಮಿಂಗೋ ಪೇಸ್ ಮತ್ತು ನೂನಿಜ್ ಎಂಬ ಇಬ್ಬರು ಪೋರ್ಚುಗೀಸರು ಬರೆದಿಟ್ಟದ್ದರ ಅನುವಾದ ಅಲ್ಲಿದೆ.

ಪೇಸ್ ಬಂದದ್ದು 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ. ಶಾಲೆಯಲ್ಲಿ ನಿನಗೆ ರಾಯ ಅಂದರೆ ಗೆದ್ದ ಯುದ್ಧಗಳ ಪಟ್ಟಿ, ಆಸ್ಥಾನ ಕವಿಗಳ ಪಟ್ಟಿ. ಪೇಸ್ ಕಂಡ ರಾಯ ಸಾಧಾರಣ ಎತ್ತರದವನು, ಸ್ವಲ್ಪ ದಪ್ಪ, ಮುಖದಲ್ಲಿ ಸಿಡುಬಿನ ಕಲೆ. ಬೆಳಕು ಹರಿಯುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿಯುತ್ತಾನೆ. ಮೈಗೂ ಅದನ್ನೇ ಹಚ್ಚಿಕೊಳ್ಳುತ್ತಾನೆ. ಭಾರ ಎತ್ತಿ, ಕತ್ತಿ ವರಸೆ ಮಾಡಿ, ಎಣ್ಣೆಯೆಲ್ಲ ಬೆವರಾಗಿ ಹೋಗುವ ತನಕ ಬಿಡುವುದಿಲ್ಲ. ಆಮೇಲೆ ಜಟ್ಟಿಯ ಜೊತೆ ಕುಸ್ತಿ. ಅದೂ ಆದ ಮೇಲೆ ಕುದುರೆ ಸವಾರಿ. ಓದುವವರಿಗೇ ಸುಸ್ತಾಗುತ್ತದೆ, ಅಲ್ವಾ?

ನೂನಿಜ್ ಕುದುರೆ ವ್ಯಾಪಾರಿ, ಅವನ ಕಣ್ಣೇ ಬೇರೆ. ಕೃಷ್ಣದೇವರಾಯನಿಗಿಂತ ಮುಂಚೆ ವಿಜಯನಗರ ಆಳಿದ ಸಾಳುವ ನರಸಿಂಹ, ಕಡಲಾಚೆಯ ಬಂದರುಗಳಾದ ಹೊರ್ಮುಜ್, ಏಡನ್ ಕಡೆಯಿಂದ ಕುದುರೆ ತರಿಸುತ್ತಿದ್ದನಂತೆ. ದಾರಿಯಲ್ಲಿ, ಸಮುದ್ರದಲ್ಲೇ ಕುದುರೆ ಸತ್ತರೆ ಬಾಲ ತಂದು ತೋರಿಸಿದರೂ ಸಾಕು, ಪೂರ್ತಿ ಹಣ. ಎಂಥ ದಡ್ಡ ವ್ಯವಹಾರ ಅನ್ನಿಸುತ್ತದೆ. ಸ್ವಲ್ಪ ಯೋಚಿಸು. ಒಳ್ಳೆಯ ಯುದ್ಧದ ಕುದುರೆ ಬೇಕಾದರೆ ಕಡಲಾಚೆಯಿಂದಲೇ ಬರಬೇಕು. ನಷ್ಟ ವ್ಯಾಪಾರಿಯ ತಲೆಗೆ ಬಿದ್ದರೆ ಮುಂದಿನ ವರ್ಷ ಅವನು ಬೇರೆ ದೊರೆಯ ಹತ್ತಿರ ಹೋಗುತ್ತಾನೆ. ಒಂದು ಬಾಲದಲ್ಲಿ ಇಡೀ ರಾಜ್ಯದ ಚಿಂತೆ ಇದೆ.

ಆದರೆ ನೂನಿಜ್ ಬರೆದದ್ದು 1535ರ ಆಸುಪಾಸಿನಲ್ಲಿ. ನರಸಿಂಹ ಆಳಿದ್ದು ಅದಕ್ಕೂ ಸುಮಾರು 50 ವರ್ಷ ಹಿಂದೆ. ಅಂದರೆ ಇದು ಕಂಡದ್ದಲ್ಲ, ಕೇಳಿದ್ದು. 'ಇವನಿಗೆ ಹೇಗೆ ಗೊತ್ತಾಯಿತು?' ಅಂತ ಕೇಳಿಕೊಳ್ಳುತ್ತಾ ಓದು. ನನಗೆ ಅರ್ಧ ಖುಷಿ ಅದರಲ್ಲೇ ಇದೆ.

ಸೀವೆಲ್‌ನನ್ನೂ ಹಾಗೇ ಓದಬೇಕು. ಅವನು ಬ್ರಿಟಿಷ್ ಅಧಿಕಾರಿ. ವಿಜಯನಗರವನ್ನು ಮುಸ್ಲಿಂ ದಾಳಿಗೆ ಅಡ್ಡ ನಿಂತ ಹಿಂದೂ ಗೋಡೆ ಅನ್ನುವಂತೆ ಚಿತ್ರಿಸುತ್ತಾನೆ. ಕಥೆ ಅಷ್ಟು ಸರಳ ಅಲ್ಲ ಅಂತ ಆಮೇಲಿನ ಇತಿಹಾಸಕಾರರು ತೋರಿಸಿದ್ದಾರೆ. ದಖ್ಖನದ ಸುಲ್ತಾನರ ಎದುರು ವಿಜಯನಗರ ಸೋತ 1565ರ ತಾಳಿಕೋಟೆ ಯುದ್ಧಕ್ಕೆ ಕೆಲವೇ ವರ್ಷ ಮುಂಚೆ, ವಿಜಯನಗರದ ಆಡಳಿತ ಕೈಯಲ್ಲಿದ್ದ ರಾಮರಾಯ ಮತ್ತು ಬಿಜಾಪುರದ ಸುಲ್ತಾನ ಆದಿಲ್ ಶಾಹ ಒಟ್ಟಾಗಿ ಇನ್ನೊಂದು ಸುಲ್ತಾನರ ರಾಜ್ಯವಾದ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದರು. ವಿಜಯನಗರದ ಹಿಂದಿನ ದೊರೆ ಎರಡನೇ ದೇವರಾಯನ ಸೈನ್ಯದಲ್ಲಿ ಮುಸ್ಲಿಂ ಬಿಲ್ಲುಗಾರರಿದ್ದರು ಅಂತ ಹೇಳುವವನು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಸ್ತಾ. ಫೆರಿಸ್ತಾನನ್ನು ಸೀವೆಲ್ ಕೂಡ ಓದಿದ್ದ, ಬೇಕಾದಷ್ಟು ಕಡೆ ಬಳಸಿಕೊಂಡಿದ್ದಾನೆ. ಆದರೂ ಬೇರೆ ತೀರ್ಮಾನಕ್ಕೆ ಬಂದ. ಯಾಕೆ ಅಂತ ನೀನೇ ಹುಡುಕು. ಸಿಕ್ಕಿದ್ದನ್ನು ನನಗೆ ಬರಿ, ಒಪ್ಪದಿದ್ದರೆ ಜಗಳ ಆಡೋಣ.

ದಸರಾ ರಜೆಗೆ ಬಂದಾಗ ಹಂಪಿಗೆ ಹೋಗೋಣ. ಹಜಾರರಾಮ ಗುಡಿಯ ಹೊರಗೋಡೆಯ ಮೇಲೆ ಕುದುರೆಗಳನ್ನು ನಡೆಸಿಕೊಂಡು ಹೋಗುವವರ ಸಾಲು ಇದೆ. ನೂನಿಜ್ ಓದಿದ ಮೇಲೆ ಅದನ್ನು ನೋಡಬೇಕು. ಪುಸ್ತಕ ತರೋದು ಮರೀಬೇಡ.

ನಿನ್ನ
ಅಮ್ಮ