ಎಂಸಿಎ ತರಗತಿ ಶುರುವಾಗುವ ಮುಂಚೆಯೇ ಬ್ರಿಡ್ಜ್ ಕೋರ್ಸ್ ಮುಗಿಸಿ

ಮಾನ್ಯ ಸಂಪಾದಕರೇ,

ಕಳೆದ ವಾರ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಬಿ.ಕಾಂ ಕೊನೇ ವರ್ಷದಲ್ಲಿದ್ದಾಳೆ. "ಅಕ್ಕ, ನಾನು ಎಂಸಿಎ ಮಾಡಬಹುದಾ? ಕಾಮರ್ಸ್‌ನವರ ಕೈಲಿ ಆಗಲ್ಲ ಅಂತ ಎಲ್ಲರೂ ಹೇಳ್ತಾರೆ" ಅಂದಳು. ಎಂಸಿಎ ಅಂದರೆ ಕಂಪ್ಯೂಟರ್ ವಿಷಯದ ಸ್ನಾತಕೋತ್ತರ ಪದವಿ. ಪಿಯುಸಿಯಲ್ಲಿ ಗಣಿತ ಓದಿದ್ದಾಳೆ, ಖಂಡಿತ ಮಾಡಬಹುದು ಅಂದೆ. ಫೋನ್ ಇಟ್ಟ ಮೇಲೆ ನನ್ನ ಮೊದಲ ಸೆಮಿಸ್ಟರ್ ನೆನಪಾಯಿತು, ಆಮೇಲೆ ಸುಮ್ಮನೆ ಕೂರಲು ಆಗಲಿಲ್ಲ. ಅದಕ್ಕೇ ಈ ಪತ್ರ.

ನಾನು ಓದಿದ್ದು ಬಿ.ಎಸ್ಸಿ, ಸಿಬಿಝಡ್. ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಡಿಗ್ರಿ ಮುಗಿದ ಮೇಲೆ ಎರಡು ವರ್ಷ ನಮ್ಮೂರಿನ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡಿದೆ. ಮಕ್ಕಳು ಇಷ್ಟ, ಪಾಠವೂ ಇಷ್ಟ, ಆದರೆ ಆ ಸಂಬಳದಲ್ಲಿ ಮನೆ ನಡೆಯುತ್ತಿರಲಿಲ್ಲ. 2021ರಲ್ಲಿ ಪಿಜಿಸಿಇಟಿ, ಅಂದರೆ ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆದು ಎಂಸಿಎ ಸೇರಿದೆ.

ಮೊದಲ ವಾರವೇ ತರಗತಿಯಲ್ಲಿ ಮೇಷ್ಟ್ರು ಬೋರ್ಡ್ ಮೇಲೆ ಪಾಯಿಂಟರ್ ಬರೆದು, "ಇದೆಲ್ಲ ನಿಮಗೆ ಗೊತ್ತಿರೋದೇ, ಬೇಗ ಮುಗಿಸೋಣ" ಅಂದರು. ಗೊತ್ತಿದ್ದದ್ದು ಬಿಸಿಎ, ಅಂದರೆ ಡಿಗ್ರಿಯಲ್ಲೇ ಕಂಪ್ಯೂಟರ್ ಓದಿ ಬಂದವರಿಗೆ. ಬೇರೆ ವಿಷಯ ಓದಿ ಬಂದ ನಾವು ನಾಲ್ಕೈದು ಜನ ಮುಖ ಮುಖ ನೋಡಿಕೊಂಡೆವು. ನಮಗೆ ಬ್ರಿಡ್ಜ್ ಕೋರ್ಸ್, ಅಂದರೆ ಕಂಪ್ಯೂಟರ್ ಓದದೆ ಬಂದವರಿಗೆ ಮೂಲಪಾಠ ಹೇಳಿಕೊಡುವ ತರಗತಿ ಇತ್ತು, ಇಲ್ಲ ಅಂತಲ್ಲ. ಆದರೆ ಅದು ಶನಿವಾರ ಮಧ್ಯಾಹ್ನ, ಉಳಿದೆಲ್ಲ ಪಾಠದ ಜೊತೆಜೊತೆಗೇ. ಬ್ರಿಡ್ಜ್ ಕೋರ್ಸಿನಲ್ಲಿ ಫಾರ್ ಲೂಪ್‌ನಂಥ ಆರಂಭದ ಪಾಠ ಹೇಳಿಕೊಡುವ ಹೊತ್ತಿಗೆ ಮುಖ್ಯ ತರಗತಿಯಲ್ಲಿ ಎಷ್ಟೋ ಮುಂದಿನ ಪಾಠವಾದ ಲಿಂಕ್ಡ್ ಲಿಸ್ಟ್ ಮುಗಿದು ಟ್ರೀ ಶುರುವಾಗಿತ್ತು, ಮೊದಲ ಇಂಟರ್ನಲ್ಸ್ ಕೂಡ ಆಗಿಹೋಗಿತ್ತು. ಗೋಡೆ ಕಟ್ಟಿದ ಮೇಲೆ ಪಾಯ ತೋಡಿದ ಹಾಗೆ, ಅಲ್ವಾ?

ಇದು ಒಂದು ಕಾಲೇಜಿನ ತಪ್ಪು ಅಂತ ನಾನು ಹೇಳುತ್ತಿಲ್ಲ. ಮೊದಲು ಎಂಸಿಎ ಮೂರು ವರ್ಷ ಇತ್ತು. ಬಿಸಿಎ ಮಾಡಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಸೇರಬಹುದಿತ್ತು. ಹಾಗಾಗಿ ಮೊದಲ ವರ್ಷ ಇದ್ದದ್ದೇ ನಮ್ಮಂಥವರಿಗಾಗಿ, ಸೊನ್ನೆಯಿಂದ ಶುರು ಮಾಡುವವರಿಗಾಗಿ. 2020-21ರಿಂದ ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ ಎಐಸಿಟಿಇ ಅದನ್ನು ಎರಡು ವರ್ಷ ಮಾಡಿತು. ಬಿಸಿಎಯವರಿಗೆ ಇದರಿಂದ ಏನೂ ನಷ್ಟವಾಗಲಿಲ್ಲ. ಹೋದದ್ದು ನಮ್ಮ ವರ್ಷ, ಅದರ ಜಾಗಕ್ಕೆ ಬಂದದ್ದು ಶನಿವಾರದ ಮಧ್ಯಾಹ್ನ.

ಆ ಮೂರನೇ ವರ್ಷ ವಾಪಸ್ ಬೇಕು ಅಂತ ನಾನು ಕೇಳುವುದಿಲ್ಲ. ನಮ್ಮಂಥ ಮನೆಯಲ್ಲಿ ಒಂದು ವರ್ಷದ ಫೀಸು, ಹಾಸ್ಟೆಲ್ ಖರ್ಚು ಉಳಿದರೆ ಅದು ಸಣ್ಣದಲ್ಲ. ಆದರೆ ಒಂದು ಲೆಕ್ಕ ನೋಡಿ. ಎರಡು ವರ್ಷದ ಕೋರ್ಸಿನಲ್ಲಿ ಕಂಪನಿಗಳು ಮೂರನೇ ಸೆಮಿಸ್ಟರಿಗೇ ಕ್ಯಾಂಪಸ್‌ಗೆ ಬರಲು ಶುರು ಮಾಡುತ್ತವೆ. ಅಷ್ಟರೊಳಗೆ ನಮಗೆ ಸಿಗುವುದು ಬರೀ ಎರಡು ಸೆಮಿಸ್ಟರ್, ಅದರಲ್ಲಿ ಒಂದು ಉಳಿದವರ ಸಮಕ್ಕೆ ಬರುವುದರಲ್ಲೇ ಹೋಗುತ್ತದೆ. ಎರಡನೆಯದರಲ್ಲಿ ಎಲ್ಲವನ್ನೂ ಕಲಿತು, ಇಂಟರ್ವ್ಯೂಗೂ ತಯಾರಾಗಬೇಕು!

ನಾನು ಪಾಸಾದದ್ದು ರೂಮ್‌ಮೇಟ್‌ನಿಂದ. ಬಿಸಿಎ ಓದಿದ್ದ ಅವಳು ರಾತ್ರಿ ಊಟದ ಮೇಲೆ ಕೂರಿಸಿಕೊಂಡು, "ಮನೆ ಬೇರೆ, ಮನೆ ನಂಬರ್ ಬೇರೆ. ಪಾಯಿಂಟರ್ ಅಂದ್ರೆ ನಂಬರ್ ಬರೆದ ಚೀಟಿ, ಅಷ್ಟೇ" ಅಂತ ಹೇಳಿಕೊಟ್ಟಳು. ಉಳಿದದ್ದನ್ನು ಐಐಟಿ ಮೇಷ್ಟ್ರುಗಳ ಪಾಠವಿರುವ ಎನ್‌ಪಿಟಿಇಎಲ್‌ನ ಉಚಿತ ವಿಡಿಯೊಗಳಲ್ಲಿ ನೋಡಿದೆ, ಒಂದೊಂದನ್ನು ಮೂರು ಮೂರು ಸಲ.

ಇನ್ನೊಂದು ವಿಷಯ ನನಗೆ ತುಂಬಾ ತಡವಾಗಿ ಹೊಳೆಯಿತು. ಬಾಟನಿ ಲ್ಯಾಬಿನಲ್ಲಿ ಒಂದು ಹೂವು ಕೊಟ್ಟು ಅದರ ಕುಟುಂಬ ಕಂಡುಹಿಡಿಯಲು ಹೇಳುತ್ತಿದ್ದರು. ದಳಗಳು ಬಿಡಿಬಿಡಿಯಾಗಿವೆಯಾ, ಕೂಡಿಕೊಂಡಿವೆಯಾ? ಅಂಡಾಶಯ ಮೇಲಿದೆಯಾ, ಕೆಳಗಿದೆಯಾ? ಪ್ರತಿ ಪ್ರಶ್ನೆಗೂ ಎರಡೇ ದಾರಿ, ಒಂದೊಂದೇ ಇಳಿಯುತ್ತಾ ಹೋದರೆ ಕೊನೆಗೆ ದಾಸವಾಳದ ಕುಟುಂಬ ಸಿಗುತ್ತದೆ. ಇದು ಪ್ರೋಗ್ರಾಮಿನ ಇಫ್-ಎಲ್ಸ್ (ಹೀಗಿದ್ದರೆ ಈ ದಾರಿ, ಇಲ್ಲದಿದ್ದರೆ ಆ ದಾರಿ) ಅಲ್ಲದೆ ಮತ್ತೇನು? ಮೂರು ವರ್ಷ ಅದನ್ನೇ ಮಾಡಿದ್ದ ನಾನು ಇಫ್-ಎಲ್ಸ್ ನೋಡಿ ಹೆದರಿ ಕೂತಿದ್ದೆ. ಲೆಡ್ಜರ್ ಬರೆದು ಬಂದ ಬಿ.ಕಾಂನವರಿಗೂ ಡೇಟಾಬೇಸಿನ ಟೇಬಲ್ ಪೂರ್ತಿ ಹೊಸದೇನಲ್ಲ. ಇದನ್ನು ಯಾರಾದರೂ ಮೊದಲ ದಿನವೇ ಹೇಳಿದ್ದರೆ ಎಷ್ಟು ಧೈರ್ಯ ಬರುತ್ತಿತ್ತು!

ಈಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ರಕ್ತಪರೀಕ್ಷೆಯ ಲ್ಯಾಬ್‌ಗಳಿಗೆ ರಿಪೋರ್ಟ್ ತಯಾರಿಸುವ ಸಾಫ್ಟ್‌ವೇರ್. ಒಮ್ಮೆ ಟೆಸ್ಟಿಂಗ್ ಮಾಡುವಾಗ ಗ್ಲೂಕೋಸ್ 5.5 ಅಂತ ಬಂದಿದ್ದನ್ನು ನಮ್ಮ ಸಾಫ್ಟ್‌ವೇರ್ ಮಿಲಿಗ್ರಾಂ ಅಂತಲೇ ಓದಿ, ಅಪಾಯ ಅಂತ ಕೆಂಪು ಬಣ್ಣ ತೋರಿಸುತ್ತಿತ್ತು. ಅದು ಮಿಲಿಮೋಲ್ ಲೆಕ್ಕ. 18ರಿಂದ ಗುಣಿಸಿ ಮಿಲಿಗ್ರಾಂ ಲೆಕ್ಕಕ್ಕೆ ತಂದರೆ 99, ಪೂರ್ತಿ ನಾರ್ಮಲ್. ಟೀಮಿನಲ್ಲಿ ಅದು ತಕ್ಷಣ ಕಣ್ಣಿಗೆ ಬಿದ್ದದ್ದು ನನಗೆ, ಕೆಮಿಸ್ಟ್ರಿ ಓದಿದ್ದರಿಂದ. ಬೇರೆ ವಿಷಯ ಓದಿ ಬಂದವರು ಬರಿಗೈಲಿ ಬರುವುದಿಲ್ಲ ಅನ್ನುವುದನ್ನು ಕಂಪನಿಯವರು ದಯವಿಟ್ಟು ಗಮನಿಸಲಿ. ಕ್ಯಾಂಪಸ್‌ಗೆ ಬಂದಿದ್ದ ಒಂದು ಕಂಪನಿಯವರು ನನ್ನ ಎರಡು ವರ್ಷದ ಮೇಷ್ಟ್ರಗಿರಿಯನ್ನು "ಗ್ಯಾಪ್" ಅಂತ ಬರೆದು, ಪರೀಕ್ಷೆಗೂ ಕೂರಿಸದೆ ಕಳುಹಿಸಿದ್ದರು. ನಲವತ್ತು ಮಕ್ಕಳಿಗೆ ದಿನಾ ಆರು ಪೀರಿಯಡ್ ಪಾಠ ಮಾಡಿದ್ದು ಗ್ಯಾಪ್ ಹೇಗಾಗುತ್ತದೆ? ಇನ್ನೊಂದು ಕಡೆ ವಿಪ್ರೊದಂಥ ಕಂಪನಿ ಬಿಸಿಎ, ಬಿ.ಎಸ್ಸಿ ಮುಗಿಸಿದವರನ್ನು ಕೆಲಸಕ್ಕೆ ಸೇರಿಸಿಕೊಂಡು, ಕೆಲಸದ ಜೊತೆಗೇ ಎಂ.ಟೆಕ್ ಓದಿಸುವುದೂ ಇದೆ. ಮನಸ್ಸು ಮಾಡಿದರೆ ಆಗುತ್ತದೆ.

ನಾನು ಮುಖ್ಯವಾಗಿ ಕೇಳುವುದು ಇಷ್ಟೇ. ನಮ್ಮ ವರ್ಷ ಪಿಜಿಸಿಇಟಿ ಬರೆದಾದ ಮೇಲೆ ರ‍್ಯಾಂಕ್, ದಾಖಲೆ ಪರಿಶೀಲನೆ, ಸೀಟು ಹಂಚಿಕೆ ಅಂತ ತರಗತಿ ಶುರುವಾಗಲು ತಿಂಗಳುಗಳೇ ಹಿಡಿದವು. ಅಷ್ಟೂ ದಿನ ಮನೆಯಲ್ಲಿ ಕಾಯುತ್ತಾ ಕೂತಿದ್ದೆ. ಬ್ರಿಡ್ಜ್ ಕೋರ್ಸನ್ನು ಆಗಲೇ ಮಾಡಿ ಮುಗಿಸಬಹುದಲ್ಲ? ಆರು ವಾರ ಸಾಕು. ಪ್ರೋಗ್ರಾಂ ಬರೆಯುವ ಸಿ ಭಾಷೆ, ಕಂಪ್ಯೂಟರ್ ಒಳಗೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದು, ಕಂಪ್ಯೂಟರಿಗೆ ಬೇಕಾದ ಗಣಿತವಾದ ಡಿಸ್ಕ್ರೀಟ್ ಮ್ಯಾಥ್ಸ್ ಸ್ವಲ್ಪ. ಇದಕ್ಕೆ ಯಾರೂ ಬೆಂಗಳೂರಿಗೆ ಬಂದು ಉಳಿಯಲು ಪೇಯಿಂಗ್ ಗೆಸ್ಟ್ ರೂಮು ಹುಡುಕಬೇಕಾಗಿಲ್ಲ. ಬಿಸಿಎ ಇರುವ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಲ್ಯಾಬ್ ಇದೆ, ರಜೆಯಲ್ಲಿ ಅದು ಬೀಗ ಹಾಕಿಕೊಂಡೇ ಇರುತ್ತದೆ. ಪಿಜಿಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮತ್ತು ವಿಶ್ವವಿದ್ಯಾಲಯಗಳು ಮಾತಾಡಿಕೊಂಡು, ಸೀಟು ಹಂಚಿಕೆಯ ವೇಳಾಪಟ್ಟಿಯ ಜೊತೆಗೇ ಬ್ರಿಡ್ಜ್ ಕೋರ್ಸಿನ ತಾರೀಕನ್ನೂ ಪ್ರಕಟಿಸಲಿ.

ಚಿಕ್ಕಮ್ಮನ ಮಗಳಿಗೆ ನನ್ನ ಹಳೇ ಸಿ ನೋಟ್ಸ್ ಕೊಟ್ಟಿದ್ದೇನೆ. ದಿನಕ್ಕೊಂದು ಪ್ರೋಗ್ರಾಂ ಬರೆದು ವಾಟ್ಸಾಪ್‌ನಲ್ಲಿ ಫೋಟೊ ಕಳಿಸುತ್ತಾಳೆ. ಊರಿನಲ್ಲಿ ಇಂಥದ್ದೊಂದು ತರಗತಿ ಶುರುವಾಗಿ ಕಲಿಸುವವರು ಸಾಲದೆ ಬಂದರೆ, ಭಾನುವಾರ ಬೆಳಗಿನ ಟ್ರೇನ್ ಹಿಡಿದು ಬಂದು ಪಾಠ ಮಾಡಲು ನಾನು ತಯಾರಿದ್ದೇನೆ. ಸಂಬಳ ಬೇಡ.

ಇಂತಿ,
ಅರಸೀಕೆರೆಯ ಒಬ್ಬ ಓದುಗಿ